ಗೆರಟೆಯಲ್ಲಿ ಬಿತ್ತಿದ ಭತ್ತ

ನಾನು ಎರಡನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಕಡೆಯ ಶಾಲೆಗಳಲ್ಲಿ ಕನ್ನಡಕ್ಕೊಬ್ಬರು, ಗಣಿತಕ್ಕೊಬ್ಬರು ಎಂಬುದು ಇರಲಿಲ್ಲ. ಒಂದು ಕ್ಲಾಸಿಗೆ ಒಂದು ಕೋಣೆ, ಒಬ್ಬರು ಟೀಚರ್. ಬೆಳಿಗ್ಗೆ ಮಗ್ಗಿ ಹೇಳಿಸಿದವರೇ ಮಧ್ಯಾಹ್ನ ಪದ್ಯ ಹಾಡಿಸುತ್ತಿದ್ದರು. ನಡುವೆ ಉಗುರು ನೋಡುವವರೂ ಅವರೇ, ಮೂಗು ಒರೆಸಿಕೊಂಡು ಬಾ ಎಂದು ಹೊರಗೆ ಕಳಿಸುವವರೂ ಅವರೇ. ನಾರಾವಿ ಪೇಟೆಯಿಂದ ಎರಡು ಮೈಲು ಒಳಗೆ ನಡೆದರೆ ಸಿಗುವ ಹಂಚಿನ ಶಾಲೆ ನಮ್ಮದು. ನಾನು ಬೆಳಿಗ್ಗೆ ಮದ್ರಸಕ್ಕೆ ಹೋಗಿ, ಮನೆಗೆ ಬಂದು ಗಂಜಿ ಕುಡಿದು, ತಲೆಯ ಬಟ್ಟೆ ಸರಿಮಾಡಿಕೊಂಡು ಹತ್ತು ಗಂಟೆಗೆ ಅಲ್ಲಿ ಮುಟ್ಟುತ್ತಿದ್ದೆ. ಗಂಜಿಯೊಟ್ಟಿಗೆ ಸುಟ್ಟ ಒಣಮೀನು ಇದ್ದ ದಿನ ಕೈಯ ವಾಸನೆ ಎರಡನೇ ಪಿರಿಯಡ್ ತನಕ ಇರುತ್ತಿತ್ತು.

ಆ ವರ್ಷ ಜೂನ್ ತಿಂಗಳಲ್ಲಿ ನಮಗೆ ಹೊಸ ಟೀಚರ್ ಬಂದರು. ಗಿರಿಜಾ ಟೀಚರ್. ಘಟ್ಟದ ಮೇಲಿನವರು, ಕಡೂರಿನ ಆಚೆಯ ಒಂದು ಹಳ್ಳಿ. ಚಾರ್ಮಾಡಿಯಲ್ಲಿ ಬಸ್ಸು ಇಳಿಯುವಾಗ ಮೂರು ಸಲ ವಾಂತಿ ಮಾಡಿಕೊಂಡೆ ಎಂದು ಮೊದಲ ದಿನವೇ ನಮಗೆ ಹೇಳಿಬಿಟ್ಟರು. ಹಾಗೆ ಹೇಳಿದ ಟೀಚರನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು "ಬರ್ತೀನಿ, ಮಾಡ್ತೀನಿ" ಎಂದರೆ ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆವು. ನಾವು "ಟೀಚರ್, ನೀರು ಉಂಟು" ಎಂದರೆ ಅವರು ನಗುತ್ತಿದ್ದರು. ದಿಕ್ಕುಗಳ ಪಾಠದಲ್ಲಿ ಅವರು ಪೂರ್ವ, ಪಶ್ಚಿಮ ಎಂದು ಹೇಳಿಕೊಟ್ಟರು. ಅದು ಮೂಡು, ಇದು ಪಡು ಎಂದು ನಾವು ಅವರಿಗೆ ಹೇಳಿಕೊಟ್ಟೆವು. ಅವರು ಅದನ್ನೂ ಬೋರ್ಡಿನ ಮೇಲೆ ಬರೆದರು.

ದೀಪಾವಳಿ ರಜೆ ಮುಗಿದ ಮೇಲೆ ಟೀಚರ್ ಎಲ್ಲರಿಗೂ ಒಂದೊಂದು ತೆಂಗಿನ ಗೆರಟೆ, ಅಂದರೆ ಕಾಯಿಯ ಚಿಪ್ಪು, ತರಲು ಹೇಳಿದರು. ಒಬ್ಬೊಬ್ಬರು ಒಂದೊಂದು ಬೀಜ ಹಾಕಬೇಕು. ಮರುದಿನದಿಂದ ನಮ್ಮ ಪಾಠವೆಲ್ಲ ಆ ಗೆರಟೆಗಳಲ್ಲಿಯೇ ಆಗುವುದು. ಬಂದ ಕೂಡಲೇ ಬೆರಳು ಅಡ್ಡ ಹಿಡಿದು ಗಿಡದ ಎತ್ತರ ಅಳೆಯಬೇಕು. ಇವತ್ತಿನದರಲ್ಲಿ ನಿನ್ನೆಯದನ್ನು ಸ್ಲೇಟಿನಲ್ಲಿ ಕಳೆಯಬೇಕು, ಅದು ಗಣಿತ. ಪುಸ್ತಕದಲ್ಲಿ ಒಂದು ವಾಕ್ಯ ಬರೆಯಬೇಕು, ಅದು ಕನ್ನಡ. ಬೇರು, ಕಾಂಡ, ಎಲೆ, ಬಿಸಿಲು, ನೀರು, ಇದು ಪರಿಸರ. ಬಣ್ಣದ ಸೀಮೆಸುಣ್ಣದಲ್ಲಿ ಅದರ ಚಿತ್ರ. ಕೊನೆಯ ಪಿರಿಯಡಿನಲ್ಲಿ ಗೆರಟೆಗಳಿಗೆ ನೀರು ಹಾಕುತ್ತಾ ಪದ್ಯ. ನಮಗೆ ನೆರವಾಗುವವರು ಎಂಬ ಪಾಠವನ್ನೂ ಟೀಚರ್ ಅದಕ್ಕೇ ಸೇರಿಸಿದರು. ಗೆರಟೆ ಕೊಟ್ಟವರು ಯಾರು, ಮಣ್ಣು ಹೊತ್ತವರು ಯಾರು, ಬೀಜ ಇಟ್ಟುಕೊಂಡವರು ಯಾರು ಎಂದು ಎಲ್ಲರಿಂದ ಹೇಳಿಸಿದರು. ಬಿಸಿಲು ಬೀಳುವ ಮೂಡು ದಿಕ್ಕಿನ ಕಿಟಕಿಗೆ ಉದ್ದದ ಕಟ್ಟೆ ಇತ್ತು. ನಮ್ಮ ಇಪ್ಪತ್ತಾರು ಗೆರಟೆಗಳೂ ಆ ಕಟ್ಟೆಯ ಮೇಲೆ ಸಾಲಾಗಿ ಕೂತವು.

ಯಾರು ಯಾವ ಬೀಜ ತರುವುದೆಂದು ಟೀಚರೇ ಹಂಚಿದ್ದರು. ಹೆಸರು, ಹುರುಳಿ, ಮೆಂತೆ, ಸಾಸಿವೆ ಆದ ಮೇಲೆ ಅವರು, "ಭತ್ತ ಯಾರು ತರ್ತೀರಾ? ಭತ್ತ ಮೊಳೆಯೋದನ್ನ ನಾನು ಇನ್ನೂ ನೋಡಿಲ್ಲ. ನಮ್ಮೂರಲ್ಲಿ ರಾಗಿ," ಎಂದರು. ಇಪ್ಪತ್ತಾರು ಕೈಗಳೂ ಮೇಲೆ ಹೋದವು. ಟೀಚರ್ ನನ್ನ ಕಡೆ ಬೆರಳು ತೋರಿಸಿ, "ಜುಬೈದಾ ತರ್ಲಿ," ಎಂದರು.

ನನ್ನ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವಳು ಸುಗಂಧಿ. ಅವಳಿಗೆ ಅಲಸಂಡೆ ಬಂದಿತ್ತು. ಅವಳ ಮನೆಯವರಿಗೆ ಶಾಲೆಯ ಕೆಳಗೇ ದೊಡ್ಡ ಗದ್ದೆ. "ನಮ್ಮಲ್ಲಿ ಮೂವತ್ತು ಮುಡಿ ಭತ್ತ ಉಂಟು, ನಿನಗೆ ಕೊಟ್ಟರು," ಎಂದು ಅವಳು ಮುಖ ತಿರುಗಿಸಿದಳು. ನಮಗಿದ್ದದ್ದು ಎರಡು ತುಂಡು ಗದ್ದೆ.

ಆ ವಾರ ನಮ್ಮ ಅಂಗಳದಲ್ಲಿ ಭತ್ತದ ಕೆಲಸ ನಡೆಯುತ್ತಿತ್ತು. ಕುಚ್ಚಲಕ್ಕಿ ಉಣ್ಣುವವರ ಮನೆಯಲ್ಲಿ ಆಗ ಅದು ವರ್ಷದ ದೊಡ್ಡ ಕೆಲಸ. ಉಮ್ಮ, ನನ್ನ ತಾಯಿ, ಸಂಜೆ ಭತ್ತ ನೆನೆಹಾಕಿ, ಬೆಳಗಿನ ಸುಬಹಿ ನಮಾಝು ಮುಗಿಸಿ ಹಂಡೆಯ ಕೆಳಗೆ ಬೆಂಕಿ ಹಾಕುತ್ತಿದ್ದರು. ನಾನು ಮದ್ರಸಕ್ಕೆ ಹೊರಡುವಾಗ ಹಬೆ ಮನೆಯ ಮಾಡಿನ ತನಕ ಏರಿರುತ್ತಿತ್ತು. ಒದ್ದೆ ಹುಲ್ಲು, ಹೊಗೆ, ಗಂಜಿ ಮೂರೂ ಸೇರಿದಂಥ ಒಂದು ವಾಸನೆ. ಬೆಂದ ಭತ್ತವನ್ನು ಚಾಪೆಯ ಮೇಲೆ ಹರಡಿ, ಉಮ್ಮ ಬರಿಗಾಲಿನಲ್ಲಿ ಗೆರೆ ಎಳೆಯುತ್ತಾ ಅಡ್ಡಾಡಿ ಅದನ್ನು ತಿರುವುತ್ತಿದ್ದರು. ಮಕ್ಕಳು ಚಾಪೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಚೆಲ್ಲುತ್ತದೆ, ಚೆಲ್ಲಿದರೆ ಕೋಳಿ ಬರುತ್ತದೆ. ಆದ್ದರಿಂದ ನಾನು ಕೇಳಲಿಲ್ಲ. ಉಮ್ಮ ಒಳಗೆ ಹೋದ ಹೊತ್ತಿಗೆ ಚಾಪೆಯ ಅಂಚಿನಿಂದ ಐದು ಕಾಳು ಆರಿಸಿಕೊಂಡೆ. ಟೀಚರಿಗೆ ತೋರಿಸುವುದಲ್ಲವಾ ಎಂದು ಬಹಳ ದಪ್ಪನೆಯವನ್ನೇ ಹುಡುಕಿದೆ. ಬಿತ್ತನೆಯ ಭತ್ತ ಮಾಡಿನ ಕೆಳಗೆ ಬೈಹುಲ್ಲಿನ ಮುಡಿಯಲ್ಲಿ ಬೇರೆಯೇ ಕಟ್ಟಿ ಇತ್ತು. ಆದರೆ ಅದರ ಕಾಳು ಸಪೂರ. ಅದನ್ನು ಯಾಕೆ ಬೇರೆ ಇಟ್ಟಿದ್ದಾರೆಂದು ನಾನು ಆ ತನಕ ಯೋಚಿಸಿರಲಿಲ್ಲ.

ಬಿತ್ತಿದ ಮೂರನೇ ದಿನ ಹೆಸರು ಕಾಳು ತಲೆ ಎತ್ತಿತು. ನಾಲ್ಕನೇ ದಿನ ಹುರುಳಿ. ಸುಗಂಧಿಯ ಅಲಸಂಡೆ ಮಣ್ಣನ್ನು ಬಿರಿದುಕೊಂಡು ಬಂದಾಗ ಅವಳು ಗೆರಟೆಯನ್ನು ಎತ್ತಿ ಬೆಂಚು ಬೆಂಚಿಗೆ ತೋರಿಸಿದಳು. ನನ್ನ ಪುಸ್ತಕದಲ್ಲಿ ಮೊದಲನೆಯ ದಿನ "ಇಂದು ಬಂದಿಲ್ಲ" ಎಂದು ಬರೆದಿದ್ದೆ. ಎರಡನೆಯ ದಿನವೂ ಅದೇ. ಐದನೆಯ ದಿನ ಅದೇ ವಾಕ್ಯ ಐದು ಸಾಲಾಗಿ ಒಂದರ ಕೆಳಗೊಂದು ನಿಂತಿತ್ತು. ನನ್ನ ಅಕ್ಷರ ಮಾತ್ರ ಆ ವಾರ ಚೆನ್ನಾಗಿ ದುಂಡಗಾಯಿತು. ಒಂದೇ ವಾಕ್ಯ ಐದು ಸಲ ಬರೆದರೆ ಯಾರದ್ದೂ ಆಗುತ್ತದೆ.

"ನೀರು ಹಾಕ್ತಿದೀಯೇನಮ್ಮ?" ಎಂದು ಟೀಚರ್ ಕೇಳಿದರು.

"ಹಾಕ್ತೇನೆ ಟೀಚರ್."

"ಕೆದಕಿ ಕೆದಕಿ ನೋಡ್ತಿಲ್ಲ ತಾನೆ?"

"ಇಲ್ಲ ಟೀಚರ್."

"ಸರಿ. ಭತ್ತಕ್ಕೆ ಜಾಸ್ತಿ ದಿನ ಬೇಕೋ ಏನೋ. ಕಾಯೋಣ."

ಟೀಚರ್ ನಂಬಿದ್ದರಿಂದ ನಾನೂ ನಂಬಿದೆ. ಮನೆಯಲ್ಲಿ ಹೇಳುವ ಹಾಗಿರಲಿಲ್ಲ, ಹೇಳಿದರೆ ಚಾಪೆ ಮುಟ್ಟಿದ್ದು ಗೊತ್ತಾಗುತ್ತದೆ. ಹಾಗಾಗಿ ಒಂದೇ ದಾರಿ ಉಳಿಯಿತು. ಮದ್ರಸದಿಂದ ಬರುವಾಗ ದಾರಿಯಲ್ಲಿ ಒಂದು ಸಣ್ಣ ದರ್ಗಾ ಇದೆ. ಅದರ ಮುಂದೆ ನಿಂತು ನೇರ್ಚೆ ಹೇಳಿಕೊಂಡೆ. ನಮ್ಮಲ್ಲಿ ಹರಕೆಗೆ ನೇರ್ಚೆ ಎನ್ನುತ್ತಾರೆ. ಭತ್ತ ಬಂದರೆ ಮದ್ರಸದ ಮಕ್ಕಳಿಗೆಲ್ಲ ಬೆಲ್ಲ ಹಂಚುತ್ತೇನೆ ಎಂದು ಹೇಳಿದೆ. ಬೆಲ್ಲ ಎಲ್ಲಿಂದ ತರುವುದೆಂದು ಯೋಚಿಸಲಿಲ್ಲ. ಅದು ಭತ್ತ ಬಂದ ನಂತರದ ಮಾತು.

ಮಾಡಿದ ತಪ್ಪೆಂದರೆ ಅದನ್ನು ಸುಗಂಧಿಗೆ ಹೇಳಿದ್ದು. "ನೋಡುತ್ತಾ ಇರು, ನಾನು ನೇರ್ಚೆ ಹಾಕಿದ್ದೇನೆ, ಬಂದೇ ಬರ್ತದೆ," ಎಂದೆ. ಅವಳು ಅದನ್ನು ಮಧ್ಯಾಹ್ನದೊಳಗೆ ಕ್ಲಾಸಿಗೆಲ್ಲ ಮುಟ್ಟಿಸಿದಳು. ಮರುದಿನದಿಂದ ನಾನು ಗೆರಟೆಯ ಹತ್ತಿರ ಹೋದರೆ ಸಾಕು, ಹಿಂದಿನಿಂದ ಯಾರಾದರೊಬ್ಬರು, "ಬಂತಾ ಬೆಲ್ಲ?" ಎನ್ನುತ್ತಿದ್ದರು.

ಏಳನೆಯ ದಿನ ಟೀಚರ್ ಹೇಳಿದರು, ನಾಳೆ ಬೆಳ್ತಂಗಡಿಯಿಂದ ಇನ್ಸ್‌ಪೆಕ್ಟರ್ ಬರುತ್ತಾರೆ, ಒಬ್ಬೊಬ್ಬರೇ ಗೆರಟೆ ಹಿಡಿದು ಮುಂದೆ ಬಂದು ಪುಸ್ತಕ ಓದಬೇಕು ಎಂದು. ಟೀಚರ ಮುಖದಲ್ಲಿ ನಗು ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅವರಿಗೂ ಅದು ಮೊದಲನೆಯ ಇನ್ಸ್‌ಪೆಕ್ಷನ್. ನಾನು ಬೆಂಚಿನಲ್ಲಿ ಕೂತು ಬರಿಯ ಮಣ್ಣಿನ ಗೆರಟೆ ನೋಡುತ್ತಿದ್ದೆ. ಸುಗಂಧಿ ಕಿವಿಯ ಹತ್ತಿರ ಬಾಗಿ, "ಎಂತ ಮಾರಾಯ್ತಿ, ನಿಮ್ಮ ದೇವರು ಗದ್ದೆಗೆ ಇಳಿಯುವುದಿಲ್ಲವಾ?" ಎಂದಳು.

ನಾನು ಅವಳಿಗೆ ಬೈಯಲಿಲ್ಲ. ನನಗೂ ಅದೇ ಸಂಶಯ ಬಂದಿತ್ತು. ನನ್ನ ದುಆ ಮುಟ್ಟುವುದಿಲ್ಲವೋ ಏನೋ, ಚಾಪೆಯಿಂದ ಕದ್ದ ಕಾಳಿಗೆ ದುಆ ಸಲ್ಲುವುದಿಲ್ಲವೋ ಏನೋ. ಇನ್ಸ್‌ಪೆಕ್ಟರ ಮುಂದೆ ನಾಚಿಕೆ ಆಗುವುದು ದೊಡ್ಡದಾಗಿ ಕಾಣಲಿಲ್ಲ. ಕೇಳಿದರೂ ಕೊಡದೆ ಇರುವ ಅಲ್ಲಾಹುವಿನ ಜೊತೆ ನಾಳೆಯಿಂದ ಹೇಗೆ ಮಾತಾಡುವುದು ಎಂಬುದೇ ಏಳು ವರ್ಷದವಳಿಗೆ ದೊಡ್ಡದಾಗಿತ್ತು. ತಲೆಯ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸುಗಂಧಿ ಸ್ವಲ್ಪ ಹೊತ್ತು ನೋಡಿ, ತನ್ನ ಸ್ಲೇಟು ಒರೆಸುತ್ತಾ ಕೂತಳು.

ಎಂಟನೆಯ ದಿನ ನಾನು ಹೋಗುವಾಗ ಕೋಣೆ ಗುಡಿಸಿ ಆಗಿತ್ತು. ಆ ದಿನದ ಗುಡಿಸುವ ಸರದಿ ಸುಗಂಧಿಯದ್ದು. ಕಿಟಕಿಯ ಹತ್ತಿರ ಹೋದೆ. ನನ್ನ ಗೆರಟೆಯ ನಡುವೆ ಎಳೆ ಹಸಿರಿನ ಒಂದು ಸಸಿ ನೇರವಾಗಿ ನಿಂತಿತ್ತು. ಎರಡು ಎಲೆ. ಬೆರಳು ಅಡ್ಡ ಹಿಡಿದು ಅಳೆದೆ. ನಾಲ್ಕು ಬೆರಳು.

ಆ ಕ್ಷಣದ ಸಂತೋಷವನ್ನು ನಾನು ಈಗ ಹೇಳಲು ಹೋಗುವುದಿಲ್ಲ. ಅಲ್ಹಮ್ದುಲಿಲ್ಲಾ ಎಂದೆ, ಪುಸ್ತಕ ತೆಗೆದು ಬರೆದೆ. ಆಮೇಲೆ ದಿನದ ಅಭ್ಯಾಸದಂತೆ ಸ್ಲೇಟಿನಲ್ಲಿ ಕಳೆಯುವ ಲೆಕ್ಕ ಮಾಡಿದೆ. ಇಂದು ನಾಲ್ಕು, ನಿನ್ನೆ ಸೊನ್ನೆ, ವ್ಯತ್ಯಾಸ ನಾಲ್ಕು. ಬೆಂಚಿನವರ ಸ್ಲೇಟು ನೋಡಿದೆ. ಎಲ್ಲರದ್ದೂ ವ್ಯತ್ಯಾಸ ಒಂದು, ಹೆಚ್ಚೆಂದರೆ ಎರಡು. ಇಡೀ ವಾರ ಒಂದು ದಿನಕ್ಕೆ ನಾಲ್ಕು ಬೆರಳು ಬೆಳೆದದ್ದು ಯಾರದ್ದೂ ಇರಲಿಲ್ಲ. ಟೀಚರ್ ಕಲಿಸಿದ ಲೆಕ್ಕವೇ ನನ್ನ ಸಂತೋಷದ ಮೇಲೆ ಬಂದು ಕೂತಿತು.

ಇನ್ಸ್‌ಪೆಕ್ಟರ್ ಹನ್ನೊಂದು ಗಂಟೆಗೆ ಬಂದರು. ಮೂಡುಬಿದಿರೆ ಕಡೆಯವರು, ದಪ್ಪ ಕನ್ನಡಕ, ಕೈಯಲ್ಲಿ ಕೊಡೆ. ಕೆಲವರು ಓದಿ ಹೋದರು. ಅವರು ಪ್ರತಿಯೊಬ್ಬರದ್ದಕ್ಕೂ ತಲೆ ಆಡಿಸುತ್ತಿದ್ದರು. ನನ್ನ ಸರದಿ ಬಂತು. ಗೆರಟೆ ಮೇಜಿನ ಮೇಲೆ ಇಟ್ಟು ಓದಿದೆ. "ಇಂದು ಬಂದಿಲ್ಲ" ಏಳು ಸಲ. ಎಂಟನೆಯದು, "ಇಂದು ನಾಲ್ಕು ಬೆರಳು ಬಂದಿದೆ."

ಅವರು ಕನ್ನಡಕ ಮೇಲೆ ಮಾಡಿದರು. "ನಿನ್ನೆ ಎಷ್ಟು ಇತ್ತು?"

"ಬಂದಿಲ್ಲ ಸಾರ್."

"ಅಂದರೆ ಸೊನ್ನೆ. ನಾಲ್ಕರಲ್ಲಿ ಸೊನ್ನೆ ಕಳೆದರೆ?"

"ನಾಲ್ಕು."

"ಲೆಕ್ಕ ಸರಿ ಉಂಟು. ಒಂದು ದಿನದಲ್ಲಿ ನಾಲ್ಕು ಬೆರಳು. ಇಂಥ ಭತ್ತ ಸಿಕ್ಕಿದರೆ ನಾನು ಈ ಕೆಲಸ ಬಿಟ್ಟು ಗದ್ದೆ ಮಾಡ್ತೇನೆ ಟೀಚರೇ." ಕ್ಲಾಸು ನಕ್ಕಿತು. ಅವರು ನನ್ನ ಕಡೆ ತಿರುಗಿ, "ಯಾರು ಕೊಟ್ಟದ್ದು ಇದು?" ಎಂದರು.

"ಅಲ್ಲಾಹು," ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಅವರು ನಗಲಿಲ್ಲ. ಗೆರಟೆಯ ಬದಿಯಲ್ಲಿ ಬೆರಳು ತೂರಿಸಿ ಮಣ್ಣಿನಿಂದ ಒಂದು ಕಾಳು ಹೊರಗೆ ತೆಗೆದು ಹಿಚುಕಿದರು. ಹೊಟ್ಟು ಬಿರಿದು ಒಳಗಿನಿಂದ ಮೆತ್ತಗಿನ ಅಗುಳು ಬಂತು. ಹಳಸಿದ ಗಂಜಿಯ ವಾಸನೆ ಮುಂದಿನ ಬೆಂಚಿನ ತನಕ ಹೋಯಿತು.

"ಟೀಚರೇ, ಇದು ಬೇಯಿಸಿದ ಭತ್ತ. ವರ್ಷ ನೀರು ಹಾಕಿದರೂ ಬರ್ಲಿಕ್ಕಿಲ್ಲ."

"ಬೇಯ್ಸಿದ್ದಾ ಸಾರ್?" ಟೀಚರ್ ನಿಂತಲ್ಲಿಂದ ಮುಂದೆ ಬಂದರು. "ಸಿಪ್ಪೆ ಸಮೇತ ಯಾರಾದ್ರೂ ಬೇಯಿಸ್ತಾರಾ?"

"ನೀವು ಜೂನಿನಿಂದ ಊಟ ಮಾಡುವುದು ಅದನ್ನೇ."

"ನಾನು ಅದೊಂದು ಜಾತಿ ಅಕ್ಕಿ ಅಂದ್ಕೊಂಡಿದ್ದೆ ಸಾರ್."

ಈ ಸಲ ಕ್ಲಾಸು ನಕ್ಕದ್ದು ಟೀಚರನ್ನು ನೋಡಿ. ಟೀಚರೂ ನಕ್ಕರು. ಆ ನಗುವಿನಲ್ಲಿ ನನ್ನದು ಮುಗಿಯಿತೆಂದು ಎಣಿಸಿದ್ದೆ. ಆದರೆ ಇನ್ಸ್‌ಪೆಕ್ಟರ್ ಸಸಿಯನ್ನು ಎರಡು ಬೆರಳಿನಲ್ಲಿ ಹಿಡಿದು, "ಇದು ನೇಜಿ, ನಾಟಿ ಮಾಡುವ ಸಸಿ. ಸುಗ್ಗಿ ಬೆಳೆಗೆ ಹಾಕಿದ ನೇಜಿಯಿಂದ ಕಿತ್ತು ತಂದು ನೆಟ್ಟಿದ್ದಾರೆ. ಯಾರು?" ಎಂದರು.

ಮೇಜಿನ ಮೇಲೆ ಮರದ ಅಡಿಕೋಲು ಇತ್ತು. ಟೀಚರ್ ಅದರಲ್ಲಿ ಹೊಡೆದದ್ದು ಕಡಿಮೆ, ಆದರೆ ಆ ದಿನ ಬೇರೆಯವರು ನೋಡುತ್ತಿದ್ದರು. ನಾನು ಸುಗಂಧಿಯ ಕಡೆ ನೋಡಿದೆ. ಅವಳು ತನ್ನ ಅಲಸಂಡೆಯನ್ನೇ ನೋಡುತ್ತಿದ್ದಳು. ಅವಳ ಲಂಗದ ಅಂಚಿನಲ್ಲಿ ಗದ್ದೆಯ ಬೂದು ಬಣ್ಣದ ಕೆಸರು ಅರ್ಧ ಒಣಗಿ ಬಿರುಕು ಬಿಟ್ಟಿತ್ತು. ಶಾಲೆಗೆ ಬರುವ ದಾರಿಯಲ್ಲಿ ಆ ಕೆಸರು ಇಲ್ಲ. ಅದು ನೇಜಿಗದ್ದೆಯ ಒಳಗೆ ಇಳಿದರೆ ಮಾತ್ರ ಹತ್ತುವಂಥದ್ದು.

"ನಿನಗೆ ಗೊತ್ತುಂಟಾ?" ಎಂದು ಅವರು ನನ್ನನ್ನೇ ಕೇಳಿದರು.

ಹೆಸರು ಹೇಳಿದರೆ ಅವಳಿಗೆ ಪೆಟ್ಟು ಬೀಳುತ್ತದೆ. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳಬಾರದೆಂಬ ಪಾಠ ಅದೇ ಬೆಳಿಗ್ಗೆ ಮದ್ರಸದಲ್ಲಿ ಆಗಿತ್ತು, ಉಸ್ತಾದರು ಎರಡು ಸಲ ಹೇಳಿಸಿದ್ದರು. ನಾನು ನೆಲ ನೋಡಿ ಮೊದಲು ಹೇಳಿದ್ದನ್ನೇ ಪುನಃ ಹೇಳಿದೆ.

"ಅಲ್ಲಾಹು ಕೊಟ್ಟದ್ದು ಸಾರ್."

ಮೊದಲನೆಯ ಸಲ ಗೊತ್ತಿಲ್ಲದೆ ಹೇಳಿದ್ದೆ. ಎರಡನೆಯ ಸಲ ಗೊತ್ತಿದ್ದೇ ಹೇಳಿದೆ. ಎರಡರಲ್ಲಿ ಎರಡನೆಯದೇ ಹೆಚ್ಚು ನಿಜ ಎಂದು ನನಗೆ ಆಗಲೇ ಅನಿಸಿತ್ತು. ಈಗಲೂ ಹಾಗೆಯೇ ತಿಳಿದಿದ್ದೇನೆ.

ಇನ್ಸ್‌ಪೆಕ್ಟರ್ ಬೆಂಚುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದರು. ಕೆಸರು ಅವರಿಗೂ ಕಂಡಿತೋ ಏನೋ. "ಆಯ್ತು. ಅವನ ಹೆಸರು ಬರೆಯಲಿಕ್ಕೆ ನನ್ನ ಪುಸ್ತಕದಲ್ಲಿ ಜಾಗ ಇಲ್ಲ. ಕೂತ್ಕೋ," ಎಂದರು.

ಸಂಜೆ ಉಮ್ಮನಿಗೆ ಎಲ್ಲ ಹೇಳಿದೆ, ಚಾಪೆಯ ಕಾಳು, ನೇರ್ಚೆ, ಕೆಸರು, ಎಲ್ಲ. ಬೈಗುಳ ಬರಲಿಲ್ಲ, ಅದೂ ಒಂದು ಉಪಕಾರ. ಉಮ್ಮ ಒಂದು ಕೈಯಲ್ಲಿ ಚಾಪೆಯ ಭತ್ತ, ಇನ್ನೊಂದರಲ್ಲಿ ಮುಡಿಯ ಭತ್ತ ತೋರಿಸಿ ಹೇಳಿದರು.

"ನೋಡು ಮೋಲೇ, ಇದು ಊಟ ಆಗುವ ಭತ್ತ. ಇದು ಗದ್ದೆ ಆಗುವ ಭತ್ತ. ಊಟ ಆಗುವುದರ ಹತ್ತಿರ ನೀನು ಗದ್ದೆ ಆಗು ಅಂತ ಕೇಳಿದರೆ ಅದು ಎಂತ ಮಾಡ್ಲಿಕ್ಕುಂಟು?"

"ನನ್ನ ದುಆ ಕೇಳಿಸಲಿಲ್ಲವಾ ಹಾಗಾದರೆ?"

"ಕೇಳಿಸದೆ ಆ ಮಗು ಬೆಳಿಗ್ಗೆ ಬೆಳಿಗ್ಗೆ ಕೆಸರಿಗೆ ಇಳಿದದ್ದು ಯಾಕೆ? ಬೆಲ್ಲ ಕೊಡ್ತೇನೆ. ಮೊದಲಿನ ತುಂಡು ಅವಳಿಗೆ, ಆಮೇಲೆ ಮದ್ರಸಕ್ಕೆ."

ಮರುದಿನ ಕಾಗದದಲ್ಲಿ ಸುತ್ತಿದ ಬೆಲ್ಲವನ್ನು ಬೆಂಚಿನ ಕೆಳಗಿನಿಂದ ಸುಗಂಧಿಗೆ ದಾಟಿಸಿದೆ.

"ನನಗೆ ಯಾಕೆ ಇಷ್ಟು ದೊಡ್ಡದು?"

"ಉಮ್ಮ ಹೇಳಿದ್ದು."

ಅವಳು ಕಚ್ಚಿ ಅರ್ಧ ತಿಂದು, ಅರ್ಧ ನನಗೆ ಕೊಟ್ಟಳು. ನಾವು ಆ ವಿಷಯ ಅಷ್ಟಕ್ಕೇ ಬಿಟ್ಟೆವು. ಮುಂದಿನ ಭಾನುವಾರ ಗಿರಿಜಾ ಟೀಚರ್ ನಮ್ಮ ಮನೆಗೆ ಬಂದು, ಹಂಡೆಯ ಹತ್ತಿರ ಮಣೆ ಹಾಕಿಕೊಂಡು ಕೂತು, ಭತ್ತ ಬೇಯುವುದನ್ನು ಮೊದಲಿನಿಂದ ಕೊನೆಯ ತನಕ ನೋಡಿದರು. ಉಮ್ಮ ಅವರಿಗೆ ಕಲಿಸಿದರು. ಆ ನೇಜಿಯನ್ನು ಬಚ್ಚಲಿನ ನೀರು ಹರಿಯುವಲ್ಲಿ ನೆಟ್ಟೆವು. ಬೇಸಿಗೆಯಲ್ಲಿ ಒಂದು ತೆನೆ ಬಂತು. ನೂರರ ತನಕ ಎಣಿಸಲು ಕಲಿತಿದ್ದೆನಲ್ಲ, ಕಾಳು ಎಣಿಸಿದೆ. ಎಪ್ಪತ್ತಮೂರು.

ಎಣಿಸುವ ಅಭ್ಯಾಸ ಆಗ ಹಿಡಿದದ್ದು ಹೋಗಲಿಲ್ಲ. ಈಗ ಬಂಟ್ವಾಳದಲ್ಲಿ ನನ್ನ ಮನೆ. ಅಸರ್ ನಮಾಝು ಮುಗಿದ ಮೇಲೆ ನಮಾಝಿನ ಚಾಪೆ ಮುಸಲ್ಲಾದಲ್ಲಿಯೇ ಕೂತು ಆ ದಿನ ಸಿಕ್ಕಿದ್ದನ್ನು ಎಣಿಸುತ್ತೇನೆ. ಗ್ಯಾಸು ಮೀನಿನ ಸಾರು ಕುದಿಯುವ ತನಕ ಬಂತು. ಒಣಹಾಕಿದ ಬಟ್ಟೆ ಮಳೆಯ ಮೊದಲೇ ಒಳಗೆ ಬಂತು. ಮಕ್ಕಳು ಮನೆ ಮುಟ್ಟಿದರು. ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ, ಅದಕ್ಕೂ ಶುಕ್ರ್ ಹೇಳುತ್ತೇನೆ, ಹೊಗೆಯಲ್ಲಿ ಉಮ್ಮನ ಕಣ್ಣು ಹಾಳಾದದ್ದು ನನಗೆ ಗೊತ್ತಿದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ, ಕಾಲಿಗೆ ಮಣ್ಣು ಹತ್ತುವುದಿಲ್ಲ. ಸುಗಂಧಿಯನ್ನು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಕಂಡಿದ್ದೇನೆ. ಮಕ್ಕಳು ಎಷ್ಟು, ಯಾವ ಕ್ಲಾಸು ಎಂದು ಕೇಳುವಷ್ಟರಲ್ಲಿ ಒಂದು ಸಲ ಅವಳ ಬಸ್ಸು ಬಂತು, ಇನ್ನೊಂದು ಸಲ ನನ್ನದು.

ನನ್ನ ಕಿರಿಯವಳು ಈಗ ಎರಡನೇ ಕ್ಲಾಸು. ಐದು ವಿಷಯಕ್ಕೆ ಐದು ಮಿಸ್ಸು. ಪಾಠ ಕೆಟ್ಟದ್ದಲ್ಲ, ನಾನು ಆ ವಯಸ್ಸಿಗೆ ಕಲಿತದ್ದಕ್ಕಿಂತ ಜಾಸ್ತಿಯೇ ಅವಳಿಗೆ ಗೊತ್ತಿದೆ. ಕಳೆದ ತಿಂಗಳು ಬೀಜ ಮೊಳೆಸುವ ಪಾಠ ಬಂತು. ಪ್ಲಾಸ್ಟಿಕ್ ಲೋಟದಲ್ಲಿ ಹತ್ತಿ, ಅದರ ಮೇಲೆ ಹೆಸರು ಕಾಳು. ದಿನಾ ಫೋಟೋ ತೆಗೆದು ಮಿಸ್ಸಿಗೆ ಕಳಿಸಬೇಕು. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಳು. ಕಾಳು ಹಳೆಯದಿರಬೇಕು, ನಾಲ್ಕು ದಿನ ಆದರೂ ಬರಲಿಲ್ಲ. ಐದನೆಯ ದಿನ ಅವಳು ಫೋಟೋ ತೆಗೆಯದೆ ಲೋಟದ ಮುಂದೆ ಸುಮ್ಮನೆ ನಿಂತಿದ್ದಳು.

"ನಿನ್ನ ಪಕ್ಕದಲ್ಲಿ ಕೂರುತ್ತಾಳಲ್ಲ, ಅವಳದ್ದು ಬಂತಾ?" ಎಂದು ಕೇಳಿದೆ.

"ಗೊತ್ತಿಲ್ಲ ಉಮ್ಮಾ. ಅವಳದ್ದು ಅವಳ ಮನೆಯಲ್ಲಿ ಉಂಟು."

ಡಬ್ಬದಿಂದ ಬೇರೆ ಕಾಳು ತೆಗೆದುಕೊಟ್ಟೆ, ಅವಳು ಪುನಃ ಹಾಕಿದಳು. ಮೂರನೇ ದಿನಕ್ಕೆ ಬಂತು, ಅಲ್ಹಮ್ದುಲಿಲ್ಲಾ. ಪಾತ್ರೆ ತೊಳೆಯುವಾಗ ನಾನು ಆ ಕಿಟಕಿಯನ್ನು ದಿನಾ ನೋಡುತ್ತೇನೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಕಟ್ಟೆಯೂ ಉದ್ದ ಇದೆ. ಅದರ ಮೇಲೆ ಒಂದೇ ಲೋಟ.